ಕಲಬುರಗಿಯ ಮನೆಗೆ ಯಾವ ನೆಲ? ಮರದ ಹಲಗೆಯ ಮೋಹ, ಶಹಾಬಾದ್ ಪರಸಿಯ ಗುಣ

ಕಲಬುರಗಿ: ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹಣದ ಕಷ್ಟವನ್ನಷ್ಟೇ ಹೇಳುವುದಿಲ್ಲ, ಒಮ್ಮೆ ಮಾಡಿದ ಆಯ್ಕೆಯನ್ನು ಮತ್ತೆ ಬದಲಿಸುವುದು ಸುಲಭವಲ್ಲ ಎಂಬುದನ್ನೂ ಹೇಳುತ್ತದೆ. ಗೋಡೆಯ ಬಣ್ಣ ಹಿಡಿಸದಿದ್ದರೆ ಬೇರೊಂದು ಬಣ್ಣ ಬಳಿಯಬಹುದು. ನೆಲಹಾಸು ಕೆಟ್ಟರೆ ಸಾಮಾನು ಸರಂಜಾಮುಗಳನ್ನೆಲ್ಲ ಹೊರಗಿಟ್ಟು ಮನೆಯ ನೆಲವನ್ನೇ ಅಗೆಯಬೇಕಾಗುತ್ತದೆ.

ಗುಡ್ಡಗಾಡಿನ ತಂಪು ಪ್ರದೇಶದ ಮನೆಗಳಲ್ಲಿ ಶೋಭಿಸುವ ಮರದ ನೆಲಹಾಸು ಈಗ ಬಯಲುಸೀಮೆಯ ನಗರಗಳ ಅಂಗಡಿಗಳಲ್ಲಿಯೂ ಮಾರಾಟಕ್ಕಿದೆ. ಹೊಸ ಮನೆ ಕಟ್ಟಿಸುವವರಲ್ಲಿ ಅದರ ಮೋಹವೂ ಇದೆ. ಆದರೆ ಯಾವುದೇ ನೆಲಹಾಸಿನ ಬಾಳಿಕೆಯನ್ನು ನಿರ್ಧರಿಸುವುದು ಅದರ ಬೆಲೆಯಲ್ಲ. ಅದರ ಮೇಲಿನ ಗಾಳಿ ಮತ್ತು ಅದರ ಕೆಳಗಿನ ಮಣ್ಣು. ಕಲಬುರಗಿ ಮತ್ತು ಕಮಲಾಪುರದ ಮನೆಗಳಿಗೆ ಈ ಎರಡು ಸಂಗತಿಗಳು ಏನನ್ನು ಸೂಚಿಸುತ್ತವೆ ಎಂಬುದನ್ನು ನೋಡೋಣ.

ಮರ ಹಿಗ್ಗುವುದೇಕೆ?

ಕಡಿದು ಒಣಗಿಸಿದ ಮೇಲೂ ಮರ ಸುತ್ತಲಿನ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 30ರಷ್ಟಿರುವಾಗ ಮರದಲ್ಲಿ ಉಳಿಯುವ ತೇವಾಂಶ ಸುಮಾರು ಶೇ 6. ಆರ್ದ್ರತೆ ಶೇ 80ಕ್ಕೆ ಏರಿದರೆ ಮರದ ತೇವಾಂಶ ಕಾಲಕ್ರಮೇಣ ಶೇ 16ರ ಸಮೀಪ ತಲುಪುತ್ತದೆ. ಈ ಏರಿಳಿತದೊಂದಿಗೆ ಹಲಗೆಯ ಅಗಲವೂ ಬದಲಾಗುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ನಗಣ್ಯ.

ಮರಗಳಲ್ಲಿ ಹಿಗ್ಗುವಿಕೆ ಕಡಿಮೆಯೆನ್ನಲಾಗುವ ಸಾಗವಾನಿಯನ್ನೇ ತೆಗೆದುಕೊಂಡರೂ, ತೇವಾಂಶ ಶೇ 1ರಷ್ಟು ಬದಲಾದರೆ ಅಗಲ ಸುಮಾರು ಶೇ 0.2ರಷ್ಟು ಬದಲಾಗಬಹುದು. ಮರದ ತೇವಾಂಶ ಶೇ 6ರಿಂದ 12ಕ್ಕೆ ಏರಿದರೆ 100 ಮಿ.ಮೀ. ಅಗಲದ ಹಲಗೆ 1.2 ಮಿ.ಮೀ. ಹಿಗ್ಗುತ್ತದೆ. ಮೂರು ಮೀಟರ್ ಅಗಲದ ಕೋಣೆಯಲ್ಲಿ ಇದರ ಒಟ್ಟು ಮೊತ್ತ 36 ಮಿ.ಮೀ. ಇದು ಕಾಗದದ ಮೇಲಿನ ಗರಿಷ್ಠ ಲೆಕ್ಕ. ಹಲಗೆಯ ಮೇಲಿನ ಲೇಪ ಈ ಚಲನೆಯನ್ನು ನಿಧಾನಗೊಳಿಸುತ್ತದೆ. ಆದರೂ ಬೇಸಿಗೆಯಲ್ಲಿ ಹಲಗೆಗಳ ನಡುವೆ ಬಿರುಕು ಕಾಣುವುದಕ್ಕೂ, ಮಳೆಗಾಲದಲ್ಲಿ ನೆಲ ಉಬ್ಬುವುದಕ್ಕೂ ಇದೇ ಕಾರಣ.

ಬೆಟ್ಟದ ಮೇಲಿನ ಮನೆಗಳಲ್ಲಿ ಚಳಿಗಾಲದಲ್ಲಿ ಒಲೆ, ಹೀಟರುಗಳು ಕೋಣೆಯ ಗಾಳಿಯನ್ನು ಒಣಗಿಸುತ್ತವೆ. ಕಲಬುರಗಿಯಲ್ಲಿ ಆ ಕೆಲಸವನ್ನು ಏಪ್ರಿಲ್‌–ಮೇ ತಿಂಗಳ ಬಿಸಿಲೇ ಮಾಡುತ್ತದೆ. ಆಗ ಇಲ್ಲಿನ ಮಧ್ಯಾಹ್ನದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಆರ್ದ್ರತೆ ಶೇ 30ಕ್ಕಿಂತ ಕೆಳಗಿಳಿಯುತ್ತದೆ. ಮಳೆಗಾಲದ ಬೆಳಗಿನಲ್ಲಿ ಅದೇ ಗಾಳಿ ಶೇ 80 ಮೀರಿ ತೇವಗೊಂಡಿರುತ್ತದೆ. ಹೀಗೆ ಬೆಟ್ಟದ ಮನೆಯ ಮರಕ್ಕೆ ಬರುವ ಕಷ್ಟ ಇಲ್ಲಿನ ಮರಕ್ಕೂ ತಪ್ಪಿದ್ದಲ್ಲ. ಬೆಟ್ಟದಲ್ಲಿ ಮರ ಕೊಡುವ ಬೆಚ್ಚನೆಯ ಲಾಭ ಮಾತ್ರ ಇಲ್ಲಿ ಬೇಕಾಗಿಲ್ಲ.

ತಂಪಿನ ಲೆಕ್ಕ

ಬರಿಗಾಲಿಗೆ ಮರ ಬೆಚ್ಚಗೆ, ಕಲ್ಲು ತಣ್ಣಗೆ ತೋರುವುದು ಅವುಗಳ ಉಷ್ಣವಾಹಕತೆಯ ವ್ಯತ್ಯಾಸದಿಂದ. ಕಲ್ಲು ಮರಕ್ಕಿಂತ ಹಲವು ಪಟ್ಟು ವೇಗವಾಗಿ ಪಾದದ ಶಾಖವನ್ನು ಸೆಳೆಯುತ್ತದೆ. ನೆಲಮಹಡಿಯಲ್ಲಿ ಕಲ್ಲಿಗೆ ಇನ್ನೊಂದು ಅನುಕೂಲವಿದೆ. ಬೇಸಿಗೆಯ ಹಗಲಿನಲ್ಲಿ ಮನೆಯಡಿಯ ಮಣ್ಣು ಹೊರಗಿನ ಗಾಳಿಗಿಂತ ತಂಪಾಗಿರುತ್ತದೆ. ಕಲ್ಲಿನ ಹಾಸು ಕೋಣೆಯ ಶಾಖವನ್ನು ಆ ಮಣ್ಣಿಗೆ ದಾಟಿಸುತ್ತದೆ. ಮರದ ಹಲಗೆ, ಅದರಡಿಯ ಫೋಮ್ ಹಾಳೆ ಎರಡೂ ಈ ದಾರಿಯನ್ನು ಮುಚ್ಚುತ್ತವೆ. ಮೊದಲ ಮಹಡಿಯಲ್ಲಿ ಕೆಳಗೆ ಮಣ್ಣಿರುವುದಿಲ್ಲವಾದ್ದರಿಂದ ಕಲ್ಲಿನ ಈ ಲಾಭ ಅಲ್ಲಿ ಕಡಿಮೆ.

ಕೈಯಳತೆಯ ಕಲ್ಲು

ನಗರದಿಂದ ರೈಲು ಹಾದಿಯಲ್ಲಿ ಸುಮಾರು 25 ಕಿ.ಮೀ. ದೂರದ ಶಹಾಬಾದ್, ತನ್ನ ಹೆಸರನ್ನೇ ಹಾಸುಗಲ್ಲಿಗೆ ಕೊಟ್ಟಿರುವ ಊರು. ಇದು ಭೂವಿಜ್ಞಾನಿಗಳು ‘ಭೀಮಾ ಗುಂಪು’ ಎಂದು ಕರೆಯುವ ಶಿಲಾಸಮೂಹಕ್ಕೆ ಸೇರಿದ ಸುಣ್ಣದಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಪದರು ಪದರಾಗಿ ಶೇಖರಗೊಂಡದ್ದರಿಂದ ಇದು ಚಪ್ಪಡಿಗಳಾಗಿಯೇ ಎದ್ದು ಬರುತ್ತದೆ. ಚಿತ್ತಾಪುರ, ಸೇಡಂ ಭಾಗದಲ್ಲಿಯೂ, ಗಡಿಯಾಚೆ ತೆಲಂಗಾಣದ ತಾಂಡೂರಿನಲ್ಲಿಯೂ ಇದೇ ಜಾತಿಯ ಕಲ್ಲಿನ ಗಣಿಗಳಿವೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೂ ಸುಣ್ಣದಕಲ್ಲೇ ಮೂಲವಸ್ತು.

ಜನರ ಬಾಯಲ್ಲಿ ‘ಪರಸಿ’ ಎನಿಸಿಕೊಂಡ ಈ ಕಲ್ಲು ನೆಲಕ್ಕಷ್ಟೇ ಅಲ್ಲ, ಮಾಳಿಗೆಗೆ, ಅಡುಗೆಮನೆಯ ಕಟ್ಟೆಗೆ, ಗೋಡೆಯ ಗೂಡುಗಳಿಗೂ ಒದಗಿದೆ. ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ಇದಕ್ಕೆ ‘ಬಡವರ ಕಲ್ಲು’ ಎಂಬ ಹೆಸರು ಅಂಟಿಕೊಂಡಿದೆ. ಆದರೆ ಗಾಳಿಯ ತೇವಕ್ಕೆ ಹಿಗ್ಗದ, ಗೆದ್ದಲು ಮುಟ್ಟದ, ಸವೆದರೆ ಮತ್ತೆ ಪಾಲಿಶ್ ಮಾಡಬಹುದಾದ ಕಲ್ಲಿಗೆ ಈ ಹೆಸರು ನ್ಯಾಯವಲ್ಲ.

ಆರಿಸುವಾಗ ಗಮನಿಸಬೇಕಾದ ಸಂಗತಿಗಳು ಹೆಚ್ಚಿಲ್ಲ. ಚಪ್ಪಡಿಯನ್ನು ಬಡಿದರೆ ಗಣಗಣ ಸದ್ದು ಬರಬೇಕು. ಮಂಕಾದ ಸದ್ದು ಒಳಬಿರುಕಿನ ಸೂಚನೆ. ಕಲ್ಲಿನ ಮೇಲೆ ನೀರು ಸುರಿದರೆ ಮಣ್ಣಿನ ಎಳೆಗಳು ಎದ್ದು ಕಾಣುತ್ತವೆ. ಅಂಥ ಕಲ್ಲು ಮುಂದೆ ಪದರು ಬಿಡಬಹುದು. ದಪ್ಪ ಒಂದೇ ಸಮನಾಗಿರಬೇಕು, ಅಂಚು ಯಂತ್ರದಲ್ಲಿ ಕೊಯ್ದದ್ದಾಗಿರಬೇಕು. ಬೂದು, ನೀಲಿಛಾಯೆ, ಹಳದಿಛಾಯೆಗಳಲ್ಲಿ ಯಾವುದೇ ಆಗಲಿ, ಒಂದು ಕೋಣೆಗೆ ಬೇಕಾದ ಕಲ್ಲನ್ನು ಒಂದೇ ಗಣಿಯಿಂದ ಒಮ್ಮೆಲೇ ತರಿಸುವುದು ಲೇಸು. ಪಡಸಾಲೆಗೆ ಪಾಲಿಶ್ ಮಾಡಿದ ಕಲ್ಲು ಸರಿ. ಬಚ್ಚಲು ಮತ್ತು ಅಂಗಳಕ್ಕೆ ಕಾಲು ಜಾರದ ಒರಟು ಮೈಯ ಕಲ್ಲೇ ಸುರಕ್ಷಿತ.

ಕೆಂಪು ಮಣ್ಣು, ಎರೆ ಮಣ್ಣು

ಕಲ್ಲು ಎಷ್ಟೇ ಗಟ್ಟಿಯಾಗಿರಲಿ, ಕೆಳಗಿನ ಮಣ್ಣು ಅಲುಗಿದರೆ ಹಾಸು ಉಳಿಯದು. ಕಲಬುರಗಿ ಸುತ್ತಲಿನ ಎರೆ ಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಜೇಡಿ ಕಣಗಳು ಹೇರಳ. ಮಳೆಗಾಲದಲ್ಲಿ ಉಬ್ಬಿದ ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೆಲದ ಮಧ್ಯಭಾಗ ಎದ್ದು ನಿಲ್ಲುವುದು, ಗೋಡೆಯ ಬುಡದಲ್ಲಿ ಸಂದು ಕಾಣುವುದು ಇದರ ಪರಿಣಾಮ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ, ಅಲ್ಲಿನ ಪ್ರಸಿದ್ಧ ಕೆಂಪು ಬಾಳೆ ಬೆಳೆಯುವ ಕೆಂಪು ಮಣ್ಣಿನ ನೆಲದಲ್ಲಿ, ಈ ತೊಂದರೆ ಅಷ್ಟಾಗಿ ಕಾಡುವುದಿಲ್ಲ. ಒಂದೇ ಜಿಲ್ಲೆಯಾದರೂ ಒಬ್ಬರ ಮನೆಯ ತಳಪಾಯದ ಲೆಕ್ಕ ಇನ್ನೊಬ್ಬರಿಗೆ ಹೊಂದದು. ಆದ್ದರಿಂದ ನಿವೇಶನದಲ್ಲಿ ಗುಂಡಿ ತೋಡಿ ಮಣ್ಣನ್ನು ಕಣ್ಣಾರೆ ನೋಡುವುದು ಮೊದಲ ಕೆಲಸ.

ಎರೆ ಮಣ್ಣಿನ ಉಬ್ಬನ್ನು ತಡೆಯಲು ಅದರ ಮೇಲೆ ಉಬ್ಬದ, ಅಂಟುಗುಣದ ಮಣ್ಣಿನ ಪದರ ಹಾಸುವ ವಿಧಾನವನ್ನು ಐಐಟಿ ಬಾಂಬೆಯ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿ ಅವರು ರೂಪಿಸಿದರು. ಮನೆಯ ಮಟ್ಟಿಗೆ ಇದರ ಪಾಠ ಸರಳ: ತಳಪಾಯಕ್ಕಾಗಿ ಅಗೆದ ಎರೆ ಮಣ್ಣನ್ನು ಮತ್ತೆ ಮನೆಯೊಳಗೆ ತುಂಬಿಸಬಾರದು. ಸಾಗಣೆಯ ಖರ್ಚು ಉಳಿಸಲು ಹೀಗೆ ಮಾಡಿದರೆ ಮುಂದೆ ನೆಲ ಒಡೆಯುವುದಕ್ಕೆ ತಾವೇ ದಾರಿ ಮಾಡಿಕೊಟ್ಟಂತೆ.

ಹಾಸುವ ಕ್ರಮ

ಎರೆ ಮಣ್ಣನ್ನು ತೆಗೆದ ಜಾಗಕ್ಕೆ ಮುರುಮ್ ತುಂಬಬೇಕು. ಆರೆಂಟು ಅಂಗುಲಕ್ಕೊಂದು ಪದರದಂತೆ ಹರಡಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಯಬೇಕು. ಅದರ ಮೇಲೆ ನಾಲ್ಕು ಅಂಗುಲ ದಪ್ಪಕ್ಕೆ ಸಿಮೆಂಟ್, ಮರಳು, ಜಲ್ಲಿಯ 1:4:8 ಪ್ರಮಾಣದ ಕಾಂಕ್ರೀಟ್ ಹಾಕಬೇಕು. ಅದು ಗಟ್ಟಿಯಾದ ನಂತರ ಒಂದು ಅಂಗುಲದಷ್ಟು 1:6 ಗಾರೆಯ ಹಾಸಿನ ಮೇಲೆ ಕಲ್ಲು ಕೂರಿಸಬೇಕು. ಕಲ್ಲಿನ ಬೆನ್ನನ್ನು ತೊಳೆದು ನೆನೆಸಿದರೆ ಗಾರೆ ಚೆನ್ನಾಗಿ ಹಿಡಿಯುತ್ತದೆ.

ಗೌಂಡಿ ಪ್ರತಿ ಕಲ್ಲನ್ನೂ ಮರದ ಕೊಡತಿಯಿಂದ ತಟ್ಟಿ ರಸಮಟ್ಟ ಇಟ್ಟು ನೋಡಬೇಕು. ಮಾರನೆಯ ದಿನ ಮನೆಯವರೂ ಒಮ್ಮೆ ತಟ್ಟಿ ನೋಡಬಹುದು. ಟೊಳ್ಳು ಸದ್ದು ಬಂದ ಕಲ್ಲನ್ನು ಎತ್ತಿಸಿ ಮತ್ತೆ ಕೂರಿಸಲು ಹೇಳುವುದಕ್ಕೆ ಅದೇ ಸಮಯ. ಕನಿಷ್ಠ ಏಳು ದಿನ ನೀರುಣಿಸಿದ ನಂತರವೇ ಪಾಲಿಶ್ ಮಾಡಿಸಬೇಕು. ಮನೆಯ ಸುತ್ತ ಸುಮಾರು ಒಂದು ಮೀಟರ್ ಅಗಲದ, ಹೊರಕ್ಕೆ ಇಳಿಜಾರಾದ ಕಟ್ಟೆ ಹಾಕಿದರೆ ಮಳೆನೀರು ತಳಪಾಯಕ್ಕೆ ಇಳಿಯುವುದಿಲ್ಲ.

ಬಳಕೆಯಲ್ಲಿ ಒಂದು ಎಚ್ಚರ ಅಗತ್ಯ. ಸುಣ್ಣದಕಲ್ಲಿಗೆ ಆಮ್ಲವೇ ಶತ್ರು. ನಿಂಬೆರಸ, ಹುಣಸೆಹುಳಿ ಚೆಲ್ಲಿದರೆ ಕೂಡಲೇ ಒರೆಸಬೇಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಈ ನೆಲಕ್ಕೆ ಬಳಸಲೇಬಾರದು. ಹೊಳಪು ಹೋಗಿ ಕಲೆ ಉಳಿಯುತ್ತದೆ.

ಮರವೇ ಬೇಕೆಂದರೆ

ಮರದ ನೆಲವನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಮೊದಲ ಮಹಡಿಯ ಮಲಗುವ ಕೋಣೆ ಅದಕ್ಕೆ ತಕ್ಕ ಜಾಗ. ಅಡ್ಡಡ್ಡ ಪದರುಗಳನ್ನು ಅಂಟಿಸಿ ಮಾಡಿದ ಎಂಜಿನಿಯರ್ಡ್ ಹಲಗೆ ಇಡೀ ಮರದ ಹಲಗೆಗಿಂತ ಕಡಿಮೆ ಹಿಗ್ಗುತ್ತದೆ. ಯಾವ ಪ್ರದೇಶಕ್ಕೆ ಮರ ಎಷ್ಟು ಒಣಗಿರಬೇಕು ಎಂಬುದನ್ನು ಭಾರತೀಯ ಮಾನಕ ಐಎಸ್ 287 ಆರ್ದ್ರತೆಯ ವಲಯಗಳ ಆಧಾರದ ಮೇಲೆ ನಿಗದಿಪಡಿಸಿದೆ. ಮಾರಾಟಗಾರರನ್ನು ಈ ಬಗ್ಗೆ ಕೇಳಬೇಕು.

ಕಾಂಕ್ರೀಟ್ ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಬೇಕು. ಒಳಗೆ ನೀರಿನ ಹನಿ ಮೂಡಿದರೆ ಹಲಗೆ ಹಾಸುವ ಕಾಲ ಬಂದಿಲ್ಲವೆಂದೇ ಅರ್ಥ. ಹಲಗೆಗಳನ್ನು ಕೆಲವು ದಿನ ಅದೇ ಕೋಣೆಯಲ್ಲಿ ಬಿಚ್ಚಿಟ್ಟು ಒಗ್ಗಿಸಿ, ಗೋಡೆಯಂಚಿನಲ್ಲಿ ಹಿಗ್ಗಲು 10–12 ಮಿ.ಮೀ. ಸಂದು ಬಿಡಬೇಕು, ಅಂಚುಪಟ್ಟಿ ಅದನ್ನು ಮರೆಮಾಡುತ್ತದೆ.

ಕಲ್ಲಾಗಲಿ, ಮರವಾಗಲಿ, ಅಂಗಡಿಯಲ್ಲಿ ಮಾದರಿ ನೋಡುವ ಮುನ್ನ ಮುರುಮ್, ದಿಮ್ಮಸು, ಕಾಂಕ್ರೀಟಿನ ಖರ್ಚನ್ನು ಬೇರೆಯಾಗಿ ತೆಗೆದಿರಿಸುವುದು ಜಾಣತನ. ಹಣ ಕಡಿಮೆ ಬಿದ್ದರೆ ಕಡಿತ ಮಾಡಬೇಕಾದದ್ದು ಮೇಲಿನ ಹೊಳಪಿನಲ್ಲಿ. ಪಾಲಿಶ್ ಮುಂದಿನ ವರ್ಷವೂ ಮಾಡಿಸಬಹುದು. ಹಾಸಿನ ಕೆಳಗಿನ ಮಣ್ಣನ್ನು ಆಮೇಲೆ ಬದಲಿಸಲು ಬರುವುದಿಲ್ಲ.