ಸಾವಿರ ಪೆಸೊ ನೋಟಿನ ನ್ಯಾಯಮೂರ್ತಿ

ಮುಂಬೈಗೆ ಬಂದು ವಕೀಲಿಕೆ ಶುರು ಮಾಡಿ ಹದಿನೆಂಟು ವರ್ಷವಾಯಿತು. ನ್ಯಾಯಮೂರ್ತಿಗಳ ಭಾವಚಿತ್ರಗಳನ್ನು ಕೋರ್ಟಿನ ಗೋಡೆಗಳ ಮೇಲೆ ಬೇಕಾದಷ್ಟು ನೋಡಿದ್ದೇನೆ. ನೋಟಿನ ಮೇಲೆ ನೋಡಿದ್ದು ಒಮ್ಮೆ ಮಾತ್ರ. ಗೆಳೆಯರೊಬ್ಬರು ಮನಿಲಾದಿಂದ ತಂದ ಹಳೆಯ ಸಾವಿರ ಪೆಸೊ ನೋಟಿನಲ್ಲಿದ್ದ ಮೂವರಲ್ಲಿ ಒಬ್ಬರು ಹೊಸೆ ಅಬಾದ್ ಸಾಂತೋಸ್. (2022ರ ಪ್ಲಾಸ್ಟಿಕ್ ನೋಟಿನಲ್ಲಿ ಆ ಜಾಗಕ್ಕೆ ಹದ್ದು ಬಂದು ಕೂತಿದೆ.)

1886ರಲ್ಲಿ ಅವರು ಹುಟ್ಟಿದಾಗ ಫಿಲಿಪೀನ್ಸ್ ಸ್ಪೇನಿನ ಕೈಯಲ್ಲಿತ್ತು. ಹನ್ನೆರಡು ತುಂಬುವ ಹೊತ್ತಿಗೆ ಅಮೆರಿಕದ ಪಾಲಾಯಿತು. ಹೊಸ ದೊರೆಗಳು ಕೊಟ್ಟ ವಿದ್ಯಾರ್ಥಿವೇತನದಲ್ಲೇ 1904ರಲ್ಲಿ ಅಮೆರಿಕಕ್ಕೆ ಹೋಗಿ ಕಾನೂನು ಓದಿ ಬಂದರು. ಹಾಗೆಂದು ಅವರ ಋಣಕ್ಕೆ ಬಿದ್ದು ಬಾಯಿ ಮುಚ್ಚಿಕೊಳ್ಳಲಿಲ್ಲ. 1923ರಲ್ಲಿ, ಲಂಚದ ಆರೋಪ ಹೊತ್ತಿದ್ದ ಅಮೆರಿಕನ್ ಪತ್ತೇದಾರನೊಬ್ಬ ಖುಲಾಸೆಯಾದಾಗ, ಗವರ್ನರ್ ಜನರಲ್ ಲೆನಾರ್ಡ್ ವುಡ್ ಅವನನ್ನು ಮರಳಿ ಕೆಲಸಕ್ಕೆ ತಗೊಂಡರು. ಒಳಾಡಳಿತ ನೋಡುತ್ತಿದ್ದ ಹೊಸೆ ಲಾರೆಲ್ ರಾಜೀನಾಮೆ ಬಿಸಾಕಿದರು. ಹಿಂದೆಯೇ ಇತರ ಫಿಲಿಪಿನೊ ಕಾರ್ಯದರ್ಶಿಗಳೂ ಹೊರನಡೆದರು. ನ್ಯಾಯಾಂಗ ಖಾತೆಯ ಅಬಾದ್ ಸಾಂತೋಸ್ ಅವರೂ ಅದರಲ್ಲಿದ್ದರು.

ಈ ಇಬ್ಬರೂ ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾದರು. 1941ರ ಡಿಸೆಂಬರಿನಲ್ಲಿ ಜಪಾನ್ ದಾಳಿ ಮಾಡಿದಾಗ ಅಬಾದ್ ಸಾಂತೋಸ್ ಮುಖ್ಯ ನ್ಯಾಯಮೂರ್ತಿಯಾದರು. ಲಾರೆಲ್ ಮನಿಲಾದಲ್ಲೇ ಉಳಿದು, 1943ರಲ್ಲಿ ಜಪಾನಿನ ನೆರಳಿನಲ್ಲಿ ಹುಟ್ಟಿದ ಗಣರಾಜ್ಯದ ಅಧ್ಯಕ್ಷರಾದರು. ಯುದ್ಧದ ನಂತರ ಅವರ ಮೇಲೆ ದೇಶದ್ರೋಹದ ಮೊಕದ್ದಮೆ ಬಿತ್ತು, 1948ರಲ್ಲಿ ಕ್ಷಮಾದಾನವೂ ಸಿಕ್ಕಿತು. ನಾನಂತೂ ಅವರನ್ನು ದ್ರೋಹಿ ಎನ್ನಲಾರೆ. ಸೈನ್ಯ ಊರೊಳಗೆ ಕೂತಿರುವಾಗ ಜನರಿಗೂ ಅದಕ್ಕೂ ನಡುವೆ ಯಾರಾದರೂ ನಿಲ್ಲಬೇಕಲ್ಲ.

ಅಬಾದ್ ಸಾಂತೋಸ್ ಅವರಿಗೆ ತಪ್ಪಿಸಿಕೊಳ್ಳುವ ದಾರಿಯಿತ್ತು. 1942ರ ಮಾರ್ಚಿನಲ್ಲಿ ಅಧ್ಯಕ್ಷ ಮಾನ್ವೆಲ್ ಕೆಸಾನ್ ದೇಶ ಬಿಡುವಾಗ ಜೊತೆಗೆ ಬರಬಹುದು ಎಂದರು. ಇವರು ಉಳಿದರು. ಜಪಾನಿನ ಕೈಗೆ ಸಿಗದ ಪ್ರದೇಶಗಳಲ್ಲಿ ಅಧ್ಯಕ್ಷರ ಪರವಾಗಿ ಸರ್ಕಾರ ನಡೆಸುವ ಹೊಣೆ ಹೊತ್ತರು. ಏಪ್ರಿಲ್ 11ರಂದು ಸೆಬು ದ್ವೀಪದಲ್ಲಿ ಮಗ ಪೆಪಿತೊ ಜೊತೆಗೆ ಸಿಕ್ಕಿಬಿದ್ದರು.

ಸಹಕರಿಸಿದರೆ ಜೀವ ಉಳಿಯುತ್ತದೆ ಎಂದರು ಜಪಾನಿಗಳು. ತಾನು ಈಗಾಗಲೇ ತೆಗೆದುಕೊಂಡ ಪ್ರಮಾಣವಚನ ಮುರಿಯಲಾರೆ ಎಂಬುದೇ ಇವರ ಉತ್ತರ. ಆ ಪ್ರಮಾಣದಲ್ಲಿ ಅಮೆರಿಕಕ್ಕೂ ನಿಷ್ಠೆಯಿತ್ತು, ಹಾಗಾಗಿ ಒಬ್ಬ ದೊರೆಗಾಗಿ ಇನ್ನೊಬ್ಬ ದೊರೆಯ ಕೈಯಲ್ಲಿ ಸತ್ತರು ಎಂದು ವಾದಿಸಬಹುದು. 1923ರ ರಾಜೀನಾಮೆ ಮುಂದಿಟ್ಟುಕೊಂಡರೆ ಆ ವಾದ ನಿಲ್ಲುವುದಿಲ್ಲ.

ಮೇ ತಿಂಗಳ ಆರಂಭದಲ್ಲಿ, ಮಿಂಡನಾವೊ ದ್ವೀಪದ ಮಲಬಾಂಗಿನಲ್ಲಿ ಗುಂಡಿಕ್ಕುವ ಮುನ್ನ ಮಗನ ಜೊತೆ ಮಾತಾಡಲು ಬಿಟ್ಟರು. ಅಳಬೇಡ, ದೇಶಕ್ಕಾಗಿ ಸಾಯುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ ಎಂದರಂತೆ. ಪೆಪಿತೊ ಬದುಕುಳಿದ. ತಂದೆಯ ಕೊನೆಯ ಮಾತು ಲೋಕಕ್ಕೆ ತಿಳಿದದ್ದು ಅವನ ಬಾಯಿಂದಲೇ.