ಖೋಲಿಯ ದೀಪ, ತಿಂಗಳ ಬಿಲ್ಲು

ಪುಣೆಯಲ್ಲಿ ಒಂದು ಖೋಲಿಯ ಸಂಸಾರ ಹೂಡಿರುವ ನಮ್ಮವರಿಗೆ ಬಾಡಿಗೆ, ದಿನಸಿ, ಊರಿಗೆ ಕಳುಹಿಸುವ ಹಣ, ಈ ಮೂರೂ ಬೇಕೆಂದಾಗ ಇಳಿಯುವ ಖರ್ಚುಗಳಲ್ಲ. ವಿದ್ಯುತ್ತಿನ ಬಿಲ್ಲು ಮಾತ್ರ ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಲೆಕ್ಕ ಬರೆಯುವ ಕೆಲಸದವರಾದ ನಾವು ಅದನ್ನು ಲೆಕ್ಕದ ಮೂಲಕವೇ ವಿವರಿಸುತ್ತೇವೆ.

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆಯಂತೆ ಉರಿದರೆ 30 ದಿನಕ್ಕೆ 9 ಯೂನಿಟ್ ಆಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 1.35 ಯೂನಿಟ್ ಸಾಕು. ಇಂಥ ಎರಡು ಬಲ್ಬು ಬದಲಿಸಿದರೆ ತಿಂಗಳಿಗೆ 15 ಯೂನಿಟ್ ಉಳಿಯಿತು.

ಮಹಾವಿತರಣದ ಮನೆಬಳಕೆಯ ದರಪಟ್ಟಿಯಲ್ಲಿ 100 ಯೂನಿಟ್ ದಾಟಿದ ಮೇಲಿನ ಯೂನಿಟ್‌ಗಳಿಗೆ ದರ ಹೆಚ್ಚು. 110 ಯೂನಿಟ್ ಸುಡುವ ಮನೆಯವರು 15 ಉಳಿಸಿದರೆ, ದುಬಾರಿ ದರದ 10 ಯೂನಿಟ್‌ಗಳೇ ಮೊದಲು ಹೋಗುತ್ತವೆ. ಬಿಲ್ಲಿನ ಹಿಂಬದಿಯನ್ನೂ ಓದುವ ಅಭ್ಯಾಸವಿರಲಿ.

ಈ ಅಂತರಕ್ಕೆ ಕಾರಣವೇನು? ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ. ವಿದ್ಯುತ್ತಿನ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕಿ ಶಾಖವಾಗಿಯೇ ಹೋಗುತ್ತದೆ. ಎಲ್‌ಇಡಿಯಲ್ಲಿ ತಂತಿಯಿಲ್ಲ. ಅರೆವಾಹಕದ ಚಿಕ್ಕ ತುಣುಕೊಂದು ನೀಲಿ ಬೆಳಕು ಸೂಸುತ್ತದೆ. ಅದರ ಮೇಲಿನ ಲೇಪ ಆ ಬೆಳಕಿನ ಒಂದಂಶವನ್ನು ಹಳದಿಯಾಗಿಸುತ್ತದೆ. ಎರಡೂ ಕೂಡಿ ಬಿಳಿಯಾಗಿ ಕಾಣುತ್ತದೆ. ಈ ನೀಲಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು.

ನಮ್ಮ ನಾಡಿಗೆ ವಿದ್ಯುತ್ತು ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಿಂದ ನಡೆಯಿತು. ದೇಶದಲ್ಲೆಲ್ಲ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಒಟ್ಟಾಗಿ ಕೊಂಡದ್ದರಿಂದ ಬೆಲೆಯೂ ಬಹಳ ಇಳಿಯಿತು.

ಕೊಳ್ಳುವಾಗ ಕೆಲವು ಮಾತು ನೆನಪಿರಲಿ. ವ್ಯಾಟ್ ಎಂಬುದು ಖರ್ಚಿನ ಅಳತೆ, ಲುಮೆನ್ ಎಂಬುದು ಬೆಳಕಿನ ಅಳತೆ. ಪೆಟ್ಟಿಗೆಯ ಮೇಲೆ ಎರಡನ್ನೂ ನೋಡಿರಿ. ರಶೀದಿ ಕೇಳಿ ಪಡೆಯಿರಿ. ಖಾತರಿಯ ಅವಧಿಯೊಳಗೆ ಕೆಟ್ಟರೆ ಅದೇ ಆಧಾರ. ಗಾಳಿಯಾಡದ ಮುಚ್ಚಿದ ಗಾಜಿನೊಳಗೆ ಎಲ್‌ಇಡಿ ಹಾಕಿದರೆ ಒಳಗಿನ ಭಾಗಗಳು ಕಾದು ಬೇಗ ಕೆಡುತ್ತವೆ. ಮನೆಯಲ್ಲಿ ಸಿಎಫ್‌ಎಲ್ ಉಳಿದಿದ್ದು ಅದು ಒಡೆದರೆ, ಒಳಗೆ ಪಾದರಸವಿರುವುದರಿಂದ ಕಿಟಕಿ ತೆರೆದಿಡಿ, ಬರಿಗೈಯಿಂದ ಚೂರು ಮುಟ್ಟಬೇಡಿ.

ಇನ್ನೊಂದು ವಿಷಯ. ಮಾಲಿಕರು ದೀಪಕ್ಕಿಷ್ಟು ಎಂದು ಗೊತ್ತುಮಾಡಿ ಹಣ ಪಡೆಯುವ ಕಡೆ ಬಲ್ಬು ನಾವು ಬದಲಿಸಿದರೂ ಲಾಭ ಅವರಿಗೇ ಸೇರುತ್ತದೆ. ಅಂಥವರು ಸಬ್‌ಮೀಟರ್ ಹಾಕಿಸುವ ಮಾತನ್ನು ಮೊದಲು ಎತ್ತಬೇಕು. ನೆರೆಯ ನಾಲ್ಕು ಖೋಲಿಯವರು ಕೂಡಿ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಎಲ್ಲ ಬಲ್ಬುಗಳನ್ನೂ ಒಂದೇ ದಿನ ಬದಲಿಸಬೇಕಿಲ್ಲ. ಹೆಚ್ಚು ಹೊತ್ತು ಉರಿಯುವ ದೀಪದಿಂದ ಆರಂಭಿಸಿದರೆ ಸಾಕು. ಅಡಿಗೆಯ ಮೂಲೆಯದೋ, ಮಕ್ಕಳು ಓದುವ ಜಾಗದ್ದೋ ನೀವೇ ನೋಡಿಕೊಳ್ಳಿರಿ.