ವಿಳಾಸ ಇಲ್ಲದವರು

ರಷ್ಯಾದಲ್ಲಿ ಬೀದಿಯಲ್ಲಿ ಬದುಕುವವರನ್ನು ‘ಬೋಮ್ಜ್’ ಎಂದು ಕರೆಯುತ್ತಾರೆ. ಇಂದು ಅದು ಬೈಗುಳದಂತೆಯೂ ಬಳಕೆಯಾಗುತ್ತದೆ. ಆದರೆ ಅದರ ಮೂಲ ಸರ್ಕಾರಿ ಕಡತ. ‘ನಿಶ್ಚಿತ ವಾಸಸ್ಥಳ ಇಲ್ಲದ’ ಎಂಬ ಅರ್ಥದ ನಾಲ್ಕು ರಷ್ಯನ್ ಪದಗಳ ಮೊದಲ ಅಕ್ಷರಗಳು ಸೇರಿ ಈ ಪದವಾಯಿತು. ಬಡವ, ಭಿಕ್ಷುಕ ಎಂಬ ಅರ್ಥ ಅದರಲ್ಲಿಲ್ಲ. ವಿಳಾಸ ಇಲ್ಲ, ಅಷ್ಟೇ.

ಇದಕ್ಕೆ ಕಾರಣವಿದೆ. 1932ರಲ್ಲಿ ಸೋವಿಯತ್ ಸರ್ಕಾರ ‘ಪ್ರೊಪಿಸ್ಕಾ’ ಎಂಬ ಪದ್ಧತಿಯನ್ನು ಜಾರಿಗೆ ತಂದಿತು. ನಗರದಲ್ಲಿ ವಾಸಿಸುವವರ ಪಾಸ್‌ಪೋರ್ಟಿನಲ್ಲಿ ವಿಳಾಸದ ಮುದ್ರೆ ಇರಲೇಬೇಕಿತ್ತು. ಕೆಲಸ, ಚಿಕಿತ್ಸೆ, ಪಿಂಚಣಿ ಎಲ್ಲಕ್ಕೂ ಆ ಮುದ್ರೆ ಬೇಕು. ನೆಲೆಯಿಲ್ಲದೆ ಅಲೆಯುವುದು ಅಪರಾಧವಾಗಿತ್ತು. ಆರು ತಿಂಗಳಿಗಿಂತ ಹೆಚ್ಚು ಜೈಲು ಶಿಕ್ಷೆಯಾದವರು ಸರ್ಕಾರಿ ಮನೆಯ ಹಕ್ಕನ್ನೂ ಕಳೆದುಕೊಳ್ಳಬಹುದಿತ್ತು. 1995ರಲ್ಲಷ್ಟೇ ರಷ್ಯಾದ ಸಾಂವಿಧಾನಿಕ ನ್ಯಾಯಾಲಯ ಈ ನಿಯಮವನ್ನು ರದ್ದು ಮಾಡಿತು.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. ಸರ್ಕಾರಿ ಮನೆಗಳು ಅಲ್ಲಿ ವಾಸಿಸುತ್ತಿದ್ದವರ ಸ್ವಂತ ಆಸ್ತಿಯಾದವು. ಸ್ವಂತದ್ದಾದ ಮೇಲೆ ಮಾರಬಹುದು, ಮೋಸವೂ ಹೋಗಬಹುದು. ಒಂಟಿ ವೃದ್ಧರು, ಕುಡಿತಕ್ಕೆ ಬಿದ್ದವರು ವಂಚಕರ ಮಾತು ನಂಬಿ ಸಹಿ ಹಾಕಿ ಬೀದಿಗೆ ಬಂದರು. ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಇಂಥವರು ಬಿಸಿನೀರಿನ ಕೊಳವೆಗಳ ಪಕ್ಕ, ನೆಲಮಾಳಿಗೆಗಳಲ್ಲಿ, ಅಟ್ಟಗಳಲ್ಲಿ ಚಳಿಗಾಲ ಕಳೆದರು. ಅಲ್ಲಿ ಚಳಿ ಕೆಲವೊಮ್ಮೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಮುಂದೆ ಕಟ್ಟಡಗಳ ಬಾಗಿಲಿಗೆ ಬೀಗಗಳು ಬಂದಾಗ ಆ ಜಾಗಗಳೂ ಕೈತಪ್ಪಿದವು.

ಅದೇ ನಗರದಲ್ಲಿ 1990ರಲ್ಲಿ ‘ನೊಚ್ಲೆಷ್ಕಾ’ ಎಂಬ ಸಂಸ್ಥೆ ಹುಟ್ಟಿತು. ಆಗ ಆಹಾರಕ್ಕೆ ಪಡಿತರ ಕೂಪನ್ ಬೇಕಿತ್ತು. ಮುದ್ರೆ ಇಲ್ಲದವರಿಗೆ ಕೂಪನ್ ಸಿಗುತ್ತಿರಲಿಲ್ಲ. ಅವರಿಗೆ ಕೂಪನ್ ತಲುಪಿಸುವುದೇ ಸಂಸ್ಥೆಯ ಮೊದಲ ಕೆಲಸಗಳಲ್ಲೊಂದು. ಇಂದು ಅದರ ಬಸ್ಸು ರಾತ್ರಿ ಬಿಸಿ ಊಟ ಹಂಚುತ್ತದೆ. ಚಳಿಗಾಲದಲ್ಲಿ ಬೆಚ್ಚಗಿನ ಡೇರೆಗಳು ಏಳುತ್ತವೆ. ಜೊತೆಗೆ ವಕೀಲರು ಕಳೆದುಹೋದ ದಾಖಲೆಗಳನ್ನು ಮತ್ತೆ ಮಾಡಿಸಿಕೊಡುತ್ತಾರೆ. ಊಟ ಒಂದು ರಾತ್ರಿಗೆ ಸಾಕು. ಕೆಲಸ ಸಿಗಬೇಕಾದರೆ ಕಾಗದ ಬೇಕು.

ಬೀದಿಯಲ್ಲಿರುವವರನ್ನು ಕಂಡಾಗ ‘ಸೋಮಾರಿಗಳು’ ಎನ್ನುವುದು ಸುಲಭ. ಒಬ್ಬ ಮನುಷ್ಯನ ಕೈಯಿಂದ ಯಾವ ಕಾಗದ ಜಾರಿತು, ಅದರ ಹಿಂದೆಯೇ ಏನೇನು ಹೋಯಿತು ಎಂದು ಕೇಳುವುದು ಕಷ್ಟ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನೂ ಇದ್ದಾನೆ. ಊರಲ್ಲಿ ಆಸ್ತಿಯಿದ್ದರೂ ಸರಿ, ಈಗ ಕೈ ಖಾಲಿಯಾಗಿದ್ದರೆ ಅವನಿಗೆ ಹಕ್ಕಿದೆ. ಅಲ್ಲಿ ಮೊದಲು ನೋಡುವುದು ಅವನ ಅಗತ್ಯವನ್ನು, ವಿಳಾಸವನ್ನಲ್ಲ.